ಜಪಾನಿನ ಚಿತ್ರದಲ್ಲಿ ಹತ್ತನೆಯವಳು

ಶಕುನ, ಸೂಚನೆ, ಸತ್ತವರು ಕಾಣಿಸಿಕೊಳ್ಳುವುದು ಎಂದೆಲ್ಲ ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದ ಆಸಾಮಿ ನಾನು. ನನ್ನ ಕಸುಬೂ ಅಂಥದ್ದೇ. ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ಸೀರೆಗೆ ಡಿಸೈನ್ ಬರೆಯುತ್ತಿದ್ದೆ. ಗ್ರಾಫ್ ಕಾಗದದ ಮೇಲೆ ಚೌಕ ಎಣಿಸಿ ಎಣಿಸಿ ಬಣ್ಣ ತುಂಬಬೇಕು. ಅದನ್ನು ನೋಡಿಕೊಂಡು ರಟ್ಟಿಗೆ ತೂತು ಹೊಡೆಯುತ್ತಾರೆ, ಆ ರಟ್ಟು ಹೇಳಿದ ಹಾಗೆ ಮಗ್ಗ ನೇಯುತ್ತದೆ. ಇಲ್ಲಿ ನಾಲ್ಕು ಚೌಕ ತಪ್ಪಿದರೆ ಅಲ್ಲಿ ನವಿಲಿಗೆ ಕಾಲೇ ಇರುವುದಿಲ್ಲ. ಹಾಗಾಗಿ ಎಣಿಕೆಗೆ ಸಿಕ್ಕದ್ದನ್ನು ನಾನು ನಂಬುತ್ತಿರಲಿಲ್ಲ. ಈಗ ಹೇಳುವುದನ್ನು ನೀವು ನಂಬಬೇಕೆಂದು ಬಲವಂತವೇನೂ ಇಲ್ಲ.

ಅರವತ್ತೆಂಟೋ ಅರವತ್ತೊಂಬತ್ತೋ ಇರಬೇಕು. ನಮ್ಮ ಯಜಮಾನರಿಗೆ, ರೇಷ್ಮೆ ನೋಡಲು ಬಂದಿದ್ದ ಜಪಾನಿನವರೊಬ್ಬರು ಒಂದು ಚಿತ್ರ ಕೊಟ್ಟು ಹೋಗಿದ್ದರು. ಸಮುದ್ರದ ದಂಡೆ, ಕಲ್ಲಿನ ಮೆಟ್ಟಿಲು, ಮೇಲೆ ಪುಟ್ಟದೊಂದು ಗುಡಿ. ಅಗಲವಾದ ಹುಲ್ಲಿನ ಟೋಪಿ ಹಾಕಿಕೊಂಡ ಯಾತ್ರಿಕರು ಮೆಟ್ಟಿಲು ಹತ್ತುತ್ತಿದ್ದಾರೆ. ಒಂಬತ್ತು ಜನ.

“ಕೈಲಿ ಬರೆದಿರೋದಲ್ಲ ಕಣಯ್ಯ, ಮರದ ಅಚ್ಚಲ್ಲಿ ಒತ್ತಿರೋದು. ಇದನ್ನ ಸೆರಗಿಗೆ ತಂದ್ಬಿಡು, ಬೆಂಗಳೂರಿನೋರು ಮುಗಿಬೀಳ್ತಾರೆ” ಎಂದರು ಯಜಮಾನರು.

ನನ್ನ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಹೋಗಿದ್ದ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ. ಒಂದು ಮಧ್ಯಾಹ್ನ ಬುತ್ತಿ ತಂದವಳು ಆ ಚಿತ್ರದ ಮುಂದೆ ನಿಂತುಬಿಟ್ಟಳು.

“ಇದ್ಯಾವ ಕ್ಷೇತ್ರ ಕಣೋ?”

“ಜಪಾನಂತೆ ಕಣಕ್ಕ.”

“ಅಯ್ಯೋ, ಅವರೂ ನಮ್ಮಂಗೇ ಯಾತ್ರೆ ಹೋಗ್ತಾರಾ! ನಂಗೂ ಒಂದ್ಸಲ ಸಮುದ್ರ ತೋರ್ಸೋ. ಆಮೇಲೆ ಏನೂ ಕೇಳಲ್ಲ.”

ತೋರಿಸುತ್ತೇನೆಂದು ಮಾತು ಕೊಟ್ಟೆ. ಆದರೆ ಕೆಲಸ ಮುಗಿಯಲಿಲ್ಲ. ಅಷ್ಟರಲ್ಲಿ ನಮ್ಮ ಬೀದಿಯಿಂದ ಒಂದು ಗುಂಪು ರಾಮೇಶ್ವರಕ್ಕೆ ಹೊರಟಿತು. ಪಕ್ಕದ ಮನೆಯ ತಿಮ್ಮಕ್ಕನ ಜೊತೆ ಮಾಡಿ ಅಕ್ಕನನ್ನು ಕಳಿಸಿದೆ. ಬಸ್ಸು ಹತ್ತುವಾಗ ಅವಳು ಬೇಜಾರು ತೋರಿಸಲಿಲ್ಲ. “ನೀನೂ ಬಂದಿದ್ರೆ ಚೆನ್ನಾಗಿತ್ತು” ಎಂದಳು, ಅಷ್ಟೇ.

ಅವಳು ಹೋದ ಐದನೆಯ ದಿನ. ಮಧ್ಯಾಹ್ನ ಮೂರರ ಹೊತ್ತಿಗೆ ಕರೆಂಟು ಹೋಯಿತು. ಊರಿನ ಮಗ್ಗಗಳೆಲ್ಲ ಒಟ್ಟಿಗೆ ನಿಂತಾಗ ನಮ್ಮಲ್ಲಿ ಎಂಥ ಮೌನ ಕವಿಯುತ್ತದೆಂದು ಅಲ್ಲಿದ್ದವರಿಗೇ ಗೊತ್ತು. ಡಿಸೈನ್ ಮುಗಿದಿತ್ತು. ಮರುದಿನ ಬೆಳಿಗ್ಗೆ ರಟ್ಟು ಹೊಡೆಯಲು ಕೊಡುವ ಮುನ್ನ ಕೊನೆಯ ಸಲ ತಾಳೆ ನೋಡೋಣವೆಂದು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹತ್ತು ಜನ ಇದ್ದರು.

ಮತ್ತೆ ಎಣಿಸಿದೆ. ಬೆರಳಿಟ್ಟು ಎಣಿಸಿದೆ. ಹತ್ತೇ. ಮೆಟ್ಟಿಲಿನ ಕೆಳಗೆ, ಮರಳಿನ ಮೇಲೆ, ಗುಡಿಗೆ ಬೆನ್ನು ಹಾಕಿ ಒಬ್ಬಳು ಸಮುದ್ರ ನೋಡುತ್ತ ನಿಂತಿದ್ದಳು. ತಲೆಗೆ ಟೋಪಿ ಇರಲಿಲ್ಲ. ಉಟ್ಟ ಬಟ್ಟೆಯನ್ನು ಒಂದು ಕೈಯಲ್ಲಿ ಸ್ವಲ್ಪ ಎತ್ತಿ ಹಿಡಿದಿದ್ದಳು.

ಆಗ ನನಗೆ ಭಯವೇನೂ ಆಗಲಿಲ್ಲ, ಸಿಟ್ಟು ಬಂತು. ತಿಂಗಳುಗಟ್ಟಲೆ ಕಣ್ಣು ನೆಟ್ಟು ಕೂತು ಒಬ್ಬ ಹೆಂಗಸನ್ನೇ ಬಿಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಂಡು ಅವಳನ್ನು ಗ್ರಾಫಿಗೆ ಸೇರಿಸಲು ಕೂತೆ. ನನ್ನ ಗ್ರಾಫಿನ ಮರಳಿನಲ್ಲಿ ಜಾಗವಿರಲಿಲ್ಲ. ಕೆಳಗಿನ ಮೆಟ್ಟಿಲು ಅಲ್ಲಿಯವರೆಗೂ ಬಂದುಬಿಟ್ಟಿತ್ತು. ಅದನ್ನು ತೆಗೆದು ಮತ್ತೆ ಬರೆಯುವವರು ಯಾರು ಎಂದು, ಅವಳನ್ನೇ ನಾಲ್ಕು ಚೌಕ ಕೆಳಕ್ಕೆ ಇಳಿಸಿ ಅಲೆಯೊಳಗೆ ನಿಲ್ಲಿಸಿದೆ. ಸೆರಗಿನಲ್ಲಿ ಅಷ್ಟೆಲ್ಲ ಯಾರು ನೋಡುತ್ತಾರೆ? ಬಣ್ಣ ತುಂಬಿ ಮುಗಿಸುವಷ್ಟರಲ್ಲಿ ಕರೆಂಟು ಬಂತು.

ಮರುದಿನ ತಂತಿ ಬಂತು. ಕೂಡಲೇ ರಾಮೇಶ್ವರಕ್ಕೆ ಹೋದೆ. ತಿಮ್ಮಕ್ಕ ನನ್ನನ್ನು ಕಂಡದ್ದೇ ಬಾಯಿ ಬಡಿದುಕೊಂಡು ಅತ್ತಳು.

“ಬೆಳಿಗ್ಗೇನೇ ಎಲ್ಲಾರೂ ಸ್ನಾನ ಮಾಡಿದ್ವಿ ಕಣಪ್ಪಾ. ಮಧ್ಯಾಹ್ನ ಇನ್ನೊಂದ್ಸಲ ನೋಡ್ಬರ್ತೀನಿ ಅಂತ ಒಬ್ಳೇ ಹೋದ್ಲು. ಮರಳ ಮೇಲೆ ನಿರಿಗೆ ಎತ್ಕೊಂಡು ನಿಂತಿದ್ಲು, ಕಣ್ಣಾರೆ ಕಂಡಿದೀನಿ. ಮೂರು ಗಂಟೆ ಇರ್ಬೇಕು. ಒಂದು ಗಳಿಗೆ ಬಿಟ್ಟು ನೋಡ್ತೀನಿ, ಇಲ್ಲ.”

ನಾಲ್ಕು ದಿನ ದಡದಲ್ಲೇ ಬಿದ್ದಿದ್ದೆ. ಮೀನುಗಾರರು ಬಲೆ ಬೀಸಿ ಹುಡುಕಿದರು. ದೇಹ ಸಿಗಲಿಲ್ಲ. ಜಾರಿದಳೋ, ಅಲೆ ಎಳೆಯಿತೋ, ತಾನೇ ಇಳಿದಳೋ ಹೇಳುವವರು ಯಾರೂ ಇರಲಿಲ್ಲ.

ಊರಿಗೆ ಬಂದು ಕೆಲಸಕ್ಕೆ ಹೋದೆ. ಯಜಮಾನರು ರಟ್ಟು ಹೊಡೆಸಿರಲಿಲ್ಲ. ಸಮಾಧಾನದ ಮಾತೆಲ್ಲ ಆಡಿದ ಮೇಲೆ ಗ್ರಾಫ್ ಬಿಚ್ಚಿ, “ನೀರಲ್ಲಿ ಒಬ್ಳನ್ನ ಯಾಕಯ್ಯ ನಿಲ್ಸಿದೀಯ? ಚಿತ್ರದಲ್ಲಿ ಒಂಬತ್ತೇ ಜನ ಅಲ್ವಾ?” ಎಂದರು.

ಚಿತ್ರ ನೋಡಿದೆ. ಒಂಬತ್ತೇ ಜನ. ಮರಳು ಖಾಲಿ. ಅಚ್ಚಿನಲ್ಲಿ ಒತ್ತಿದ ಚಿತ್ರದಿಂದ ಒಬ್ಬಳು ಎದ್ದು ಹೋಗುವುದುಂಟೇ? ನನ್ನ ಗ್ರಾಫಿನಲ್ಲಿ ಮಾತ್ರ ಅವಳಿದ್ದಳು, ಅಲೆಯೊಳಗೆ.

“ತಪ್ಪಾಗಿದೆ, ಅಳಿಸಿಬಿಡು” ಎಂದರು. ಅಳಿಸಲು ನನ್ನ ಕೈಯಲ್ಲಿ ಆಗಲಿಲ್ಲ. ಎಲ್ಲರೂ ಮನೆಗೆ ಹೋದ ಮೇಲೆ ಹೊಸ ಕಾಗದ ಹಾಕಿಕೊಂಡು ಕೂತೆ. ಕೆಳಗಿನ ಮೆಟ್ಟಿಲನ್ನು ತೆಗೆದು ಮರಳಿಗೆ ಜಾಗ ಮಾಡಿ, ಅವಳನ್ನು ನಾಲ್ಕು ಚೌಕ ಮೇಲಕ್ಕೆ ತಂದು ಒಣನೆಲದ ಮೇಲೆ ನಿಲ್ಲಿಸಿದೆ. ಏನೂ ನಂಬದ ನಾನು ಹಾಗೆ ಮಾಡಿ, ಆರು ತಿಂಗಳು ಬೆಂಗಳೂರಿನ ಬಸ್ಸು ಬಂದಾಗಲೆಲ್ಲ ಎದ್ದು ನೋಡುತ್ತಿದ್ದೆ.

ಅಕ್ಕ ಬರಲಿಲ್ಲ. ಅಂದು ನಾನು ಕಂಡದ್ದು ಏನು? ಅವಳು ನೀರಿಗಿಳಿದದ್ದು ನಾನು ಬರೆಯುವುದಕ್ಕೆ ಮೊದಲೋ, ಬರೆದ ಮೇಲೋ? ಇಂದಿಗೂ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಆ ಮೆಟ್ಟಿಲು ತೆಗೆಯುವುದು ಅರ್ಧ ಗಂಟೆಯ ಕೆಲಸ. ಆವತ್ತು ಮಧ್ಯಾಹ್ನ ನನಗೆ ಅಷ್ಟು ಮಾಡಲೂ ಸೋಮಾರಿತನ ಬಂದಿತ್ತು.