ಬಿಸಿ ಮರಳಿನ ಬಿಸ್ಕತ್ತು

ಗಾವಡಗೆರೆಯಲ್ಲಿ ನಮ್ಮ ಪಕ್ಕದ ಮನೆಯಾಕೆಯನ್ನು ನಾನು ಚಿಕ್ಕವ್ವ ಅನ್ನುತ್ತಿದ್ದೆ. ಬಿಸಿ ಮರಳಿನಲ್ಲಿ ಕಡ್ಲೆಕಾಯಿ ಹುರಿದು ಸಂತೆಯಲ್ಲಿ ಮಾರುತ್ತಿದ್ದರು. ಮರಳಿನ ಮೇಲೆ ಅಂಗೈ ಚಾಚಿ, ತಲೆ ವಾರೆ ಮಾಡಿಕೊಂಡು ಕಾವು ನೋಡುವರು. ಯಾರ ಮನೆಯಿಂದ ಏನೇ ಬರಲಿ, ‘ಬರೀ ತಟ್ಟೆ ವಾಪಸ್ ಕೊಡಾಕಾಯ್ತದಾ?’ ಅಂತ ಒಂದು ಹಿಡಿ ಕಡ್ಲೆಕಾಯನ್ನಾದರೂ ಹಾಕಿಯೇ ಕೊಡುವರು.

ದೀಪಾವಳಿಗೆ ನಮ್ಮ ಬೀದಿಯಲ್ಲಿ ಮನೆಮನೆಗೂ ಕಜ್ಜಾಯದ ತಟ್ಟೆ ಓಡಾಡುತ್ತದೆ. ಆದರೆ ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬಕ್ಕೆ ಎಣ್ಣೆ ಬಾಣಲೆ ಇಡುವಂತಿಲ್ಲ. ಚಿಕ್ಕವ್ವನ ಗಂಡ ತೀರಿಕೊಂಡ ವರ್ಷ ಅಮ್ಮ ಕಜ್ಜಾಯ ಕೊಟ್ಟು, ‘ಈ ಸಲ ತಟ್ಟೆ ಅಂಗೇ ಕೊಡವ್ವ, ಯಾರೂ ಏನೂ ಅನ್ಕೊಳಲ್ಲ’ ಅಂದರು. ಚಿಕ್ಕವ್ವ ತಟ್ಟೆ ಇಸ್ಕೊಂಡು ಒಳಗೆ ಹೋದರು.

ಸಂಜೆ ಆ ತಟ್ಟೆ ತುಂಬ ರಾಗಿ ಬಿಸ್ಕತ್ತು ಬಂತು. ದೊಡ್ಡ ಪಾತ್ರೆಯಲ್ಲಿ ಕಡ್ಲೆಕಾಯಿಯ ಮರಳನ್ನೇ ಕಾಯಿಸಿ, ಮೇಲೆ ಬಿಸ್ಕತ್ತಿನ ತಟ್ಟೆಯಿಟ್ಟು, ಮುಚ್ಚಿ ಬೇಯಿಸಿದ್ದರು. ಒಂದೆರಡು ತಳ ಸೀದಿದ್ದವು.

‘ಬಾಣ್ಲಿ ಇಡಬಾರ್ದು ಅಂದವ್ರೆ. ಮರಳು ಕಾಯಿಸಬಾರ್ದು ಅಂತ ಯಾರೂ ಅಂದಿಲ್ಲ ಕಣಕ್ಕ’ ಅಂದರು. ಅಮ್ಮ ನಕ್ಕು ಸೀದದ್ದನ್ನೇ ಮೊದಲು ತಿಂದರು.

ಮುಂದಿನ ದೀಪಾವಳಿಗೆ ಅಮ್ಮ ಇರಲಿಲ್ಲ. ಬೀದಿಯವರು ತಂದಿಟ್ಟ ಕಜ್ಜಾಯದ ತಟ್ಟೆಗಳನ್ನು ಏನು ಹಾಕಿ ವಾಪಸ್ ಕೊಡುವುದೆಂದು ತೋಚದೆ ನಾನು ಕೂತಿದ್ದೆ. ಚಿಕ್ಕವ್ವ ಆ ಪಾತ್ರೆಯನ್ನು ಮರಳಿನ ಸಮೇತ ಸೊಂಟದ ಮೇಲಿಟ್ಟುಕೊಂಡು ಬಂದರು. ನಮ್ಮ ಒಲೆ ಹಚ್ಚಿ ಅದರ ಮೇಲಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕೈ ಹಿಡಿದು ಮರಳಿನ ಮೇಲೆ ಚಾಚಿದರು.

‘ಕಾವು ಬಂತಾ ಮಗ? ಇನ್ನ ರಾಗಿ ಇಟ್ಟು ಕಲಸು.’