ಏಣಿ ಆಟದ ಪತ್ತೆ

ಖಾನಾಪುರದ ಹುಡುಗಿಯಾದ ನನಗೆ ಬೇಸಿಗೆ ರಜೆ ಎಂದರೆ ಬೆಳಗಾವಿ. ಸದಾಶಿವನಗರದಲ್ಲಿ ಮೌಶಿಯ ಮನೆ, ಅಂದರೆ ಅವ್ವನ ತಂಗಿಯ ಮನೆ. ಅವರ ಮಗಳು ನನಗಿಂತ ಎರಡು ವರ್ಷ ದೊಡ್ಡವಳು. ಅವಳನ್ನು ನಾನು ಅಕ್ಕ ಎಂದೇ ಕರೆಯುತ್ತೇನೆ. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ನನಗೆ ಹನ್ನೆರಡು ತುಂಬಿದಾಗ, ನಾವಿಬ್ಬರೂ ಸೈಕಲ್ ಕಲಿಯಲು ಹೊರಟೆವು.

ಓಣಿಯ ತುದಿಯಲ್ಲಿ ಬಾಡಿಗೆ ಸೈಕಲ್ ಅಂಗಡಿಯಿತ್ತು. ಅದರ ಮಾಲೀಕರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಮೂರನೆಯ ದಿನ ಒಳಕೋಣೆಯಿಂದ ವಿಚಿತ್ರ ಸದ್ದು ಕೇಳಿ ಇಣುಕಿದೆವು. ಕಟ್ಟಿಗೆಯ ದೊಡ್ಡ ಪೆಟ್ಟಿಗೆಯೊಳಗೆ ಟೀವಿ, ಅದರ ಕೆಳಗೆ ಹಿಡಿದು ಅಲ್ಲಾಡಿಸುವ ಒಂದು ಹಿಡಿ, ಪಕ್ಕದಲ್ಲೊಂದು ಗುಂಡಿ. ಮುಂದೆ ಏಳೆಂಟು ಹುಡುಗರು ಮೈಗೆ ಮೈ ಹಚ್ಚಿ ನಿಂತಿದ್ದರು.

"ಹುಡಗ್ಯಾರು ಆಡೂದಲ್ಲ ಇದು," ಎಂದ ಅವರಲ್ಲೊಬ್ಬ.

ಚಾಚಾ ಹೊರಗಿನಿಂದಲೇ ಹೇಳಿದರು: "ಪಾಳಿ ಹಚ್ಚಿದವರು ಆಡತಾರ. ನೀ ನಿಂದ್ರ ಬೇಟಿ, ಪಾಳೇದಾಗ ನಿಂದ್ರ."

ನಿಂತೆ. ಆಡಿದೆ. ತಲೆಯ ಮೇಲೆ ಗಂಟು ಹೊತ್ತ ಒಬ್ಬ ಮನುಷ್ಯ ಏಣಿ ಹತ್ತಬೇಕು, ಅಡ್ಡ ಬರುವ ಹಕ್ಕಿಯಿಂದ ಗಂಟು ಉಳಿಸಿಕೊಳ್ಳಬೇಕು. ಮೊದಲ ದಿನ ಎರಡನೇ ಏಣಿಯಲ್ಲೇ ಸತ್ತೆ. ವಾರದೊಳಗೆ ಆ ಹುಡುಗರು ನಾನು ಆಡುವಾಗ ಸುಮ್ಮನೆ ನಿಂತು ನೋಡತೊಡಗಿದರು. ಆ ಬೇಸಿಗೆಯಲ್ಲಿ ಸೈಕಲ್ ಮಾತ್ರ ಇಬ್ಬರೂ ಕಲಿಯಲಿಲ್ಲ.

ಊರಿಗೆ ಮರಳಿದ ಮೇಲೆ ಗಣಿತದ ವಹಿಯ ಹಿಂದಿನ ಪುಟದಲ್ಲಿ ಆ ಆಟ ಬರೆದೆ. ಮೇಲೆ ನೀಲಿ ಆಕಾಶ, ಕೆಳಗೆ ಹಸಿರು ಕೆರೆ, ನಡುವೆ ಏಣಿಗಳು. ಓಣಿಯ ಮಕ್ಕಳು ಹುಣಸೆಬೀಜ ನಡೆಸಿ ಅದನ್ನು ಆಡಿದರು. ಮರಾಠಿ ಮನೆಯ ಹುಡುಗಿಯರು ಅದಕ್ಕೆ ಶಿಡಿ, ಅಂದರೆ ಏಣಿ, ಎಂದು ಹೆಸರಿಟ್ಟರು. ಜಾರಿದವರು ಕೆರೆಗೆ ಬಿದ್ದಂತೆ ಎಂಬ ನಿಯಮ ನನ್ನದೇ. ಮರುವರ್ಷ ಬೆಳಗಾವಿಗೆ ಹೋದಾಗ ಅಂಗಡಿಯಲ್ಲಿ ಆ ಆಟದ ಪೆಟ್ಟಿಗೆ ಇರಲಿಲ್ಲ.

ಮೂವತ್ತೈದು ವರ್ಷ ದಾಟಿದ ಮೇಲೆ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಅಕ್ಕ ಕೇಳಿದಳು: "ಆ ಏಣಿ ಆಟದ ಹೆಸರು ಏನಿತ್ತ ಅದು?" ಇಬ್ಬರಿಗೂ ಗೊತ್ತಿರಲಿಲ್ಲ. ಆದರೆ ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂಬ ಬಗ್ಗೆ ನನಗೆ ಅನುಮಾನವಿರಲಿಲ್ಲ. ಹಳೆಯ ವಿಡಿಯೋ ಗೇಮ್‌ಗಳ ಹುಚ್ಚಿರುವವರ ಒಂದು ಗುಂಪು ಅಂತರ್ಜಾಲದಲ್ಲಿತ್ತು. ನೀಲಿ ಆಕಾಶ, ಹಸಿರು ಕೆರೆ, ಏಣಿ, ಹಕ್ಕಿ, ಎಲ್ಲವನ್ನೂ ಬರೆದು ಹಾಕಿದೆ. ಗುರುತಿಲ್ಲದ ಜನ ಪ್ರೀತಿಯಿಂದ ಒಂದಾದ ಮೇಲೊಂದು ಆಟ ತೋರಿಸಿದರು. ಕೆರೆ ಇದ್ದಲ್ಲಿ ಏಣಿ ಇಲ್ಲ, ಏಣಿ ಇದ್ದಲ್ಲಿ ಕೆರೆ ಇಲ್ಲ. ಅಂಥ ಆಟವೇ ಇಲ್ಲ, ಎರಡು ಆಟ ಕೂಡಿಸಿ ನೆನಪಿಟ್ಟುಕೊಂಡಿದ್ದೀರಿ ಎಂದು ಒಬ್ಬರು ಬರೆದರು. ನನಗೆ ಸಿಟ್ಟು ಬಂತು. ಕೆರೆಯನ್ನು ನಾನು ಕಣ್ಣಾರೆ ಕಂಡವಳು.

ಅಕ್ಕ ಬೇರೆ ದಾರಿ ಹಿಡಿದಳು. ಅವರಿವರನ್ನು ಕೇಳಿ, ಚಾಚಾ ಈಗ ಬೆಳಗಾವಿ ಪಕ್ಕದ ಪೀರನವಾಡಿಯಲ್ಲಿ ಮಗಳ ಮನೆಯಲ್ಲಿದ್ದಾರೆಂದು ಪತ್ತೆ ಹಚ್ಚಿದಳು. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಹೋದೆವು. ಎಂಬತ್ತು ದಾಟಿದ್ದರೂ ಚಾಚಾ ನೆಟ್ಟಗೆ ಕೂತಿದ್ದರು.

"ಬರ್ರಿ, ಕುಂದರ್ರಿ. ಸೈಕಲ್ ಬಾಡಿಗಿ ತಗೊಂಡು ಗ್ವಾಡಿಗೆ ಆನಿಸಿಟ್ಟು ಹೋಗತಿದ್ದ ಹುಡಗ್ಯಾರು ನೀವು, ಹೌದಲ್ರಿ?"

ನಾನು ನೇರವಾಗಿ ಕೆರೆಯ ವಿಷಯ ಕೇಳಿದೆ. ಚಾಚಾ ನಕ್ಕರು.

"ಎಲ್ಲಿ ಕೆರಿ ತಂದ್ರಿ? ಅದು ಬ್ಲ್ಯಾಕ್ ಅಂಡ್ ವೈಟ್ ಟೀವಿ. ಹುಡುಗರು ಕಲರ್ ಬೇಕು ಅಂತ ಜೀವಾ ತಿಂತಿದ್ರು. ಮ್ಯಾಲ ನೀಲಿ, ಕೆಳಗ ಹಸರು, ಪರದೆ ಮ್ಯಾಲ ಪ್ಲಾಸ್ಟಿಕ್ ಹಾಳಿ ನಾನ ಅಂಟಿಸಿದ್ದೆ."

ಅಕ್ಕ ನನ್ನ ಮುಖ ನೋಡಿದಳು. ಆಗ ನನಗೆ ಹೊಳೆಯಿತು: ನಾನು ಕಂಡದ್ದು ಸುಳ್ಳಲ್ಲ, ಹಾಳೆಯನ್ನು ಆಟದೊಳಗೆ ಸೇರಿಸಿಕೊಂಡದ್ದು ಮಾತ್ರ ತಪ್ಪು.

ಅಂದು ಮಧ್ಯಾಹ್ನವೇ ನೀಲಿ, ಹಸಿರು, ಕೆರೆ ಮೂರನ್ನೂ ತೆಗೆದು ಗುಂಪಿಗೆ ಮತ್ತೆ ಬರೆದೆ. ಎರಡು ದಿನಗಳಲ್ಲಿ ಎರಡು ಆಟ ಉಳಿದವು. ಎರಡರಲ್ಲೂ ಏಣಿ, ಗಂಟು, ಹಕ್ಕಿ. ಮೊದಲನೆಯದೇ ಎಂದು ಅಕ್ಕ, ಎರಡನೆಯದೇ ಎಂದು ನಾನು. ಮುಂದಿನ ಭಾನುವಾರ ಲ್ಯಾಪ್‌ಟಾಪ್ ಹಿಡಿದು ಮತ್ತೆ ಪೀರನವಾಡಿಗೆ ಹೋದೆವು.

"ನನಗ ತೋರಿಸಬ್ಯಾಡ್ರಿ," ಎಂದರು ಚಾಚಾ. "ಹೊರಗ ಸೈಕಲ್ ಕಾಯಾವ ನಾನು, ಪರದೆ ನೋಡಿದ್ದು ಕಮ್ಮಿ. ಸೌಂಡ್ ಹಚ್ಚರಿ."

ಅಕ್ಕ ತನ್ನ ಆಟ ಶುರು ಮಾಡಿದಳು. ಚಾಚಾ ಸ್ವಲ್ಪ ಕೇಳಿ, ಅಲ್ಲ ಎಂದು ತಲೆ ಅಲ್ಲಾಡಿಸಿದರು. ನನ್ನದನ್ನು ಹಚ್ಚಿದೆ. ಹಕ್ಕಿ ಗಂಟು ಕಸಿದಾಗ ಇಳಿಯುತ್ತ ಹೋಗುವ ನಾಲ್ಕು ಸ್ವರ ಬಂದವು. ಚಾಚಾ ಐದನೆಯದನ್ನು ತಾವೇ ಬಾಯಿಂದ ಅಂದರು, ಯಂತ್ರಕ್ಕಿಂತ ಮೊದಲೇ.

"ಇದ ಐತಿ. ಖರೇ ಇದ. ದಿನಾ ಕೇಳೀನಿ, ಮರೀಲಿಕ್ಕೆ ಹೆಂಗ ಆಗತದ?"

ಅವರ ಮಗಳು ಚಹಾ ತಂದಿಡುವಷ್ಟರಲ್ಲಿ ನಾನು ನಾಲ್ಕನೇ ಏಣಿ ದಾಟಿದ್ದೆ. ಅಕ್ಕ ತನ್ನ ಪಾಳಿಗಾಗಿ ಮೊಣಕೈಯಿಂದ ತಿವಿಯುತ್ತಿದ್ದಳು.

ಗುಂಪಿಗೆ ಎಲ್ಲವನ್ನೂ ಬರೆದು ತಿಳಿಸಿದೆ, ಪ್ಲಾಸ್ಟಿಕ್ ಹಾಳೆಯ ಸಂಗತಿಯನ್ನೂ ಮುಚ್ಚಿಡಲಿಲ್ಲ. ಎರಡು ಆಟ ಕೂಡಿಸಿದ್ದೀರಿ ಎಂದಿದ್ದವರು ಅಭಿನಂದಿಸಿದರು. ಮಿರಜದ ಕಡೆಯ ಒಬ್ಬ ಹೆಂಗಸು ಮರಾಠಿಯಲ್ಲಿ ಬರೆದಳು: ತಾನೂ ಚಿಕ್ಕಂದಿನಲ್ಲಿ ಒಂದು ಅಂಗಡಿಯಲ್ಲಿ ಆಡಿದ ಆಟವನ್ನು ವರ್ಷಗಳಿಂದ ಹುಡುಕುತ್ತಿದ್ದೇನೆ, ಅದರಲ್ಲಿ ಸದಾ ಸೂರ್ಯ ಮುಳುಗುತ್ತಿರುತ್ತಿದ್ದ, ಪರದೆಯ ನಡುವೆಲ್ಲ ಕೆಂಪು. ನಾನು ಅವಳಿಗೆ ಒಂದೇ ಸಾಲು ಬರೆದೆ: ಮೊದಲು ಆ ಅಂಗಡಿಯವರನ್ನು ಹುಡುಕಿ.