ಗ್ರಿಲ್ಲಿಗೆ ನೇತುಹಾಕಿದ ಕೀ ಪೆಟ್ಟಿಗೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಣ್ಣನೂ ನಾನೂ ಮಾತಾಡಿದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಅವನ ಮಾತು ಇದ್ದದ್ದಕ್ಕಿಂತ ಒರಟಾಗಿ, ನನ್ನದು ಚುರುಕಾಗಿ ಕೇಳುವ ಅಪಾಯವಿದೆ.

ಮಂಗಳೂರಿನ ಆ ಫ್ಲ್ಯಾಟ್ ನನ್ನ ಕುವೈತ್ ಸಂಬಳದಲ್ಲಿ ಕೊಂಡದ್ದು, ನನ್ನ ಹೆಸರಿನಲ್ಲೇ ಇದೆ. ಮಾರಲು ತೀರ್ಮಾನಿಸಿದಾಗ ಕೀ ಅಣ್ಣನ ಬಳಿ ಇತ್ತು. ಖಾಲಿ ಮನೆಯಲ್ಲಿ ಶುಕ್ರವಾರ ದೀಪ ಇಡುವವನೂ ಅವನೇ. ತಿಂಗಳುಗಳು ಕಳೆದರೂ ಯಾರೂ ಮನೆ ನೋಡಿದ ಸುದ್ದಿಯಿಲ್ಲ. ಮಾರ್ಕೆಟ್ ಡಲ್ ಅಂತ ಅಣ್ಣ ಹೇಳುತ್ತಿದ್ದ, ನಾನೂ ನಂಬಿದ್ದೆ.

ಒಂದು ದಿನ ಕುವೈತಿನ ಜಾಬ್ರಿಯಾದಲ್ಲಿರುವ ನಮ್ಮ ಕ್ಲಿನಿಕ್ಕಿನಲ್ಲಿ ಊಟ ಮಾಡುವಾಗ ಜೊತೆಗೆ ಕೆಲಸ ಮಾಡುವ, ನಮ್ಮ ಕರಾವಳಿಯದೇ ಮುಸ್ಲಿಂ ಮನೆತನದ ಬ್ಯಾರಿ ಹುಡುಗಿ ಕೇಳಿದಳು: "ಅಕ್ಕ, ನಿಮ್ಮ ಫ್ಲ್ಯಾಟ್ ಖಲಾಸ್ ಅಂತೆ? ನಮ್ಮ ಅಣ್ಣ ನೋಡ್ಲಿಕ್ಕೆ ಹೋಗಿದ್ದ. ಮಾರಿ ಆಯ್ತು ಅಂತ ನಿಮ್ಮ ಅಣ್ಣ ಹೇಳಿ ಕಳಿಸಿದ್ರಂತೆ."

ಮಾರಿರಲಿಲ್ಲ. ಅವಳಿಗೂ ಅದು ಗೊತ್ತಿತ್ತೆಂದು ಈಗ ಅನಿಸುತ್ತದೆ. ತಟ್ಟೆಯಿಂದ ತಲೆ ಎತ್ತದೆ ಕೇಳಿದ್ದಳು. ಅಥವಾ ಆ ತಗ್ಗಿದ ತಲೆ ನಾನು ಆಮೇಲೆ ಸೇರಿಸಿಕೊಂಡದ್ದೋ ಏನೋ.

ಅಣ್ಣನಿಗೆ ಫೋನ್ ಮಾಡಲಿಲ್ಲ. ಹಾರ್ಡ್‌ವೇರ್ ಅಂಗಡಿಗೆ ಹೋಗಿ ನಂಬರ್ ಬೀಗದ ಪುಟ್ಟ ಉಕ್ಕಿನ ಪೆಟ್ಟಿಗೆಯೊಂದನ್ನು ತಂದೆ. ಕೀ ಅದರೊಳಗಿಟ್ಟು ಬಾಗಿಲ ಬಳಿ ನೇತುಹಾಕಿದರೆ, ನಂಬರ್ ಗೊತ್ತಿದ್ದವರು ತೆಗೆದು ಮನೆ ನೋಡಬಹುದು. ನನ್ನ ಬಳಿಯಿದ್ದ ಇನ್ನೊಂದು ಕೀಯ ಜೊತೆ ಅದನ್ನು, ರಜೆಯಲ್ಲಿ ಊರಿಗೆ ಹೊರಟಿದ್ದ ಅದೇ ಹುಡುಗಿಯ ಕೈಗೆ ಕೊಟ್ಟೆ. ಅವಳು ಪೆಟ್ಟಿಗೆಯನ್ನು ಬಾಗಿಲ ಗ್ರಿಲ್ಲಿಗೆ ನೇತುಹಾಕಿದಳು. ನಂಬರ್ ಕೇಳಿ ಮೊದಲು ಒಳಗೆ ಹೋದವನು ಅವಳ ಅಣ್ಣ.

ಆ ಶುಕ್ರವಾರವೇ ನನ್ನ ಅಣ್ಣನ ಫೋನ್ ಬಂತು.

"ಎಂತ ಇದು ಮಾರಾಯ್ತಿ, ಗ್ರಿಲ್ಲಿಗೆ ಡಬ್ಬ? ಕಂಡಕಂಡವರು ನುಗ್ಗಲಿಕ್ಕೆ ಅದು ಬಸ್ ಸ್ಟ್ಯಾಂಡಾ?"

"ಕಂಡವರಿಗಲ್ಲ. ನಾನು ನಂಬರ್ ಕೊಟ್ಟವರಿಗೆ."

"ಮತ್ತೆ ನಾನ್ಯಾರು, ವಾಚ್‌ಮನ್ನಾ?"

"ವಾಚ್‌ಮನ್ ಆದ್ರೆ ಬಂದವರಿಗೆ ಗೇಟ್ ತೆಗೀತಾನೆ ಅಣ್ಣ."

ಅವನು ದನಿ ತಗ್ಗಿಸಿದ. "ದೀಪ ಇಟ್ಟ ಮನೆ ಅದು. ನಮ್ಮವರಿಗೇ ಕೊಡುವ. ಅದನ್ನು ಮೊದಲು ತೆಗೆಸು."

"ತೆಗೆಸುವುದಿಲ್ಲ. ನೀನು ತೆಗೆದರೆ ಇನ್ನೊಂದು ಕಳಿಸ್ತೇನೆ."

"ನಮ್ಮವರು ಏನು ಹೇಳ್ತಾರೆ ಅಂತ ಯೋಚನೆ ಮಾಡಿದ್ದೀಯಾ?"

ಫ್ಲ್ಯಾಟ್ ಇನ್ನೂ ಮಾರಿಲ್ಲ. ನಂಬರ್ ಮಾತ್ರ ಕೇಳಿದವರಿಗೆಲ್ಲ ಕೊಡುತ್ತಿದ್ದೇನೆ, ಹೆಸರು ನೋಡದೆ. ಇದರಲ್ಲಿ ನ್ಯಾಯ ಎಷ್ಟು, ಹಟ ಎಷ್ಟು ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಹಟವೇ ಇದ್ದರೂ ಇರಲಿ. ಅವನು ಆಮೇಲೆ ಫೋನ್ ಮಾಡಿಲ್ಲ. ಅವತ್ತು ನಾನು ಕೊನೆಗೆ ಕೇಳಿದ್ದು ಮಾತ್ರ ಅಕ್ಷರಶಃ ನೆನಪಿದೆ:

"ನಮ್ಮವರು, ನಮ್ಮವರು ಅಂತ ಹೇಳ್ತೀಯಲ್ಲ ಅಣ್ಣ, ಅದರಲ್ಲಿ ನಾನಿದ್ದೇನಾ?"